ಕಾಣದ ಬಟ್ಟೆಯ ರೇಟು

ನನ್ನ ಮದುವೆಗೆ ಒಂದು ಎಕ್ಸೆಲ್ ಶೀಟ್ ಇತ್ತು. ಸಾಫ್ಟ್‌ವೇರ್‌ನವಳ ಮದುವೆ, ಇನ್ನೇನಿರುತ್ತೆ ಹೇಳಿ. ಛತ್ರ, ಅಡುಗೆ, ವಾಲಗ, ಒಡವೆ, ಜವಳಿ ಅಂತ ಒಂದೊಂದಕ್ಕೂ ಒಂದೊಂದು ಟ್ಯಾಬ್. ಜವಳಿ ಟ್ಯಾಬಿನಲ್ಲಿ 41 ಸಾಲು. ಧಾರೆ ಸೀರೆ 22,000. ಅತ್ತೆಗೆ ರೇಷ್ಮೆ, ಅತ್ತೆಯ ತಂಗಿಗೆ ರೇಷ್ಮೆ, ನಾನು ಇವತ್ತಿನವರೆಗೂ ಎರಡನೇ ಸಲ ಮುಖ ನೋಡದ ಯಾರೋ ದೊಡ್ಡಮ್ಮನಿಗೂ ರೇಷ್ಮೆ. ಒಟ್ಟು 1,40,000. ಚಿಕ್ಕಪೇಟೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋಗಿ ಕುಳಿತವರು ಸಂಜೆ ಐದಕ್ಕೆ ಎದ್ದೆವು. ಇಷ್ಟೊಂದು ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಶೀಟಿಗೆ ಸೇರದ ಒಂದು ಖರ್ಚು ಇತ್ತು. 128 ಯೂರೋ. ಅವತ್ತಿನ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿ ಚಿಲ್ಲರೆ. ಅದನ್ನು ಯಾವ ಟ್ಯಾಬಿಗೆ ಹಾಕಬೇಕು ಅಂತ ಗೊತ್ತಾಗಲಿಲ್ಲ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಗೊತ್ತಿತ್ತು. ಶೀಟನ್ನು ಅಣ್ಣ ನೋಡ್ತಿದ್ದ, ಅಪ್ಪ ನೋಡ್ತಿದ್ರು, ಹುಡುಗನ ಕಡೆಯವರೂ ನೋಡ್ತಿದ್ರು. ಅಷ್ಟೇ ವಿಷಯ.

2019ರ ಜನವರಿ. ಮೂರು ತಿಂಗಳ ಆನ್‌ಸೈಟ್ ಮೇಲೆ ಲಿಲ್ ಅನ್ನೋ ಊರಲ್ಲಿದ್ದೆ. ಉತ್ತರ ಫ್ರಾನ್ಸು, ಬೆಲ್ಜಿಯಂ ಗಡಿಗೆ ಹತ್ತಿರ, ಮಧ್ಯಾಹ್ನ ಐದೂವರೆಗೆಲ್ಲ ಕತ್ತಲು. ಅಲ್ಲಿ ವರ್ಷಕ್ಕೆ ಎರಡು ಸಲ ‘ಸೋಲ್ದ್’ ಅಂತ ರಿಯಾಯಿತಿ ಮಾರಾಟ ನಡೆಯುತ್ತೆ, ದಿನಾಂಕವನ್ನು ಸರ್ಕಾರವೇ ಗೊತ್ತುಮಾಡುತ್ತೆ. ಮೇ ತಿಂಗಳಲ್ಲಿ ನನ್ನ ಮದುವೆ ಅಂತ ಗೊತ್ತಿದ್ದ ಟೀಮಿನ ಹುಡುಗಿಯೊಬ್ಬಳು ಊಟದ ಹೊತ್ತಲ್ಲಿ ಕೇಳಿದಳು: ನಿನ್ನ ಟ್ರೂಸೋ ಎಲ್ಲಿಯವರೆಗೆ ಬಂತು? ನಾನು ಚಿಕ್ಕಪೇಟೆ, ರೇಷ್ಮೆ ಅಂತೆಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡು, ಅದು ಎಲ್ಲರಿಗೂ ಕಾಣೋದು, ಕಾಣದೇ ಇರೋದು? ಅಂದಳು.

ಕಾಣದೇ ಇರೋದರ ಬಗ್ಗೆ ನನಗಿದ್ದ ಶಿಕ್ಷಣ ಇಷ್ಟೇ. ನಮ್ಮೂರಿಂದ ಆರು ಕಿಲೋಮೀಟರ್ ದೂರದ ಪೇಟೆಯಲ್ಲಿ ಒಂದು ಫ್ಯಾನ್ಸಿ ಸ್ಟೋರ್. ಬಳೆ, ರಿಬ್ಬನ್ನು, ಪೌಡರ್ ಡಬ್ಬ, ಅದರ ಹಿಂದೆ ಮೇಲಿನ ಅಟ್ಟದಲ್ಲಿ ರಟ್ಟಿನ ಪೆಟ್ಟಿಗೆಗಳು. ಗಲ್ಲಾದಲ್ಲಿ ಕೂತವನು ಗಂಡಸು. ಅಮ್ಮ ಅಂಗಡಿ ಖಾಲಿಯಾಗುವ ತನಕ ಬಳೆ ನೋಡ್ತಾ ನಿಲ್ಲೋಳು. ಆಮೇಲೆ ಧ್ವನಿ ತಗ್ಗಿಸಿ, “ಬಾಡಿ ಕೊಡಿ, ಮೂವತ್ನಾಲ್ಕು” ಅನ್ನೋಳು. ಅವನು ಪೇಪರಿನಲ್ಲಿ ಸುತ್ತಿ ಕೊಡೋನು. ಮೂವತ್ನಾಲ್ಕು ಅಮ್ಮನ ಅಳತೆಯೋ ನನ್ನದೋ ಗೊತ್ತಿಲ್ಲ, ಅದು ನಮ್ಮನೆಯ ಅಳತೆ. ಹಿತ್ತಲ ತಂತಿಯ ಮೇಲೆ ಅದನ್ನು ಒಣಹಾಕುವಾಗ ಮೇಲೊಂದು ಟವೆಲ್ ಹೊದಿಸಬೇಕು. ಅಪ್ಪನ ಬನಿಯನ್ನಿಗೆ, ಚಡ್ಡಿಗೆ ಬಿಸಿಲು; ನಮ್ಮದಕ್ಕೆ ನೆರಳು. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗ್ತಿರಲಿಲ್ಲ, ಅರೆಹಸಿಯನ್ನೇ ಹಾಕ್ಕೊಂಡು ಸ್ಕೂಲಿಗೆ ಹೋಗೋದು. ಮೈ ಕೆರೆಯೋದು. ಡಿಗ್ರಿ ಓದಲು ಬೆಂಗಳೂರಿಗೆ ಬಂದು, ಹಾಸ್ಟೆಲ್ ಟೆರೇಸಿನಲ್ಲಿ ಇನ್ನೂರು ಹುಡುಗಿಯರ ಬಟ್ಟೆ ನಿರ್ಭಯವಾಗಿ ಹಾರಾಡೋದು ನೋಡಿದ ದಿನ ನನಗೆ ಬಿಇ ಮೊದಲ ಸೆಮಿಸ್ಟರಿನ ಯಾವ ಪಾಠಕ್ಕಿಂತ ಹೆಚ್ಚು ಅರ್ಥವಾಯಿತು.

ಲಿಲ್ಲಿನ ಅಂಗಡಿಗೆ ಹೋದೆ. ಐವತ್ತೈದು ದಾಟಿದ ಹೆಂಗಸು, ಕುತ್ತಿಗೆಗೆ ಟೇಪು. ಸೈಜ್ ಕೇಳಿದಳು, 34 ಅಂದೆ. ಅವಳು ನಕ್ಕು, ಪರದೆಯ ಹಿಂದೆ ಕರೆದುಕೊಂಡು ಹೋಗಿ ಅಳೆದು, 85ಸಿ ಅಂದಳು. ಫ್ರೆಂಚರ ಅಳತೆಯೇ ಬೇರೆ. ನಾವು 34 ಅನ್ನೋದು ಅವರಿಗೆ 90, 32 ಅನ್ನೋದು 85. ಅಂದರೆ ನಾನು ಹದಿನೆಂಟು ವರ್ಷ ತಪ್ಪು ಅಳತೆ ತೊಟ್ಟಿದ್ದೆ. ಚಪ್ಪಲಿ ಅರ್ಧ ಇಂಚು ದೊಡ್ಡದಾದರೆ ಅಂಗಡಿಯವನ ಜೊತೆ ಜಗಳ ಕಾಯುವ ನಾನು. ಅವಳು ಕೊಟ್ಟ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದೆ. ಆನೆಯ ದಂತದ ಬಣ್ಣದ ಲೇಸು. ಭುಜ ತಾನಾಗಿಯೇ ಹಿಂದಕ್ಕೆ ಹೋಯಿತು. ಬೆಲೆ ನೋಡಿದೆ. ರಿಯಾಯಿತಿಯ ನಂತರವೂ 128. ನಾಳೆ ಬರ್ತೀನಿ ಅಂತ ಹೇಳಿ ಹೊರಟುಬಿಟ್ಟೆ.

ಆ ಶನಿವಾರ ಕ್ಯಾಲೆಗೆ ಹೋದೆ. ಇಂಗ್ಲಿಷ್ ಕಾಲುವೆಯ ದಡದ ಊರು, ಲಿಲ್ಲಿನಿಂದ ದೂರವೇನಲ್ಲ. ಅಲ್ಲಿ ಹಳೆಯ ಕಾರ್ಖಾನೆಯೊಂದರಲ್ಲಿ ಲೇಸಿನ ಮ್ಯೂಸಿಯಂ ಇದೆ, 2009ರಲ್ಲಿ ತೆರೆದದ್ದು. ಲೇಸಿಗೆ ಫ್ರೆಂಚಿನಲ್ಲಿ ‘ದಾಂತೆಲ್’ ಅಂತಾರೆ, ಪುಟ್ಟ ಹಲ್ಲು ಅಂತ ಅರ್ಥ. ಆದರೆ ಅದನ್ನು ಹುಟ್ಟಿಸೋ ಯಂತ್ರ ಪುಟ್ಟದಲ್ಲ, ಹತ್ತು ಟನ್ನಿಗೂ ಮೇಲೆ. 1813ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಜಾನ್ ಲೀವರ್ಸ್ ಕಟ್ಟಿದ್ದು. ಯಂತ್ರಗಳನ್ನು ದೇಶದ ಹೊರಗೆ ಸಾಗಿಸೋದನ್ನು ಬ್ರಿಟನ್ ನಿಷೇಧಿಸಿತ್ತು, ಹಾಗಾಗಿ ಇಂಗ್ಲಿಷ್ ಕೆಲಸಗಾರರೇ ಲೇಸು ಯಂತ್ರಗಳನ್ನು ಬಿಚ್ಚಿ, ಬಿಡಿಭಾಗ ಮಾಡಿ, ಕಳ್ಳಸಾಗಣೆಯಲ್ಲಿ ಕಾಲುವೆ ದಾಟಿಸಿದರು. ‘ಅಪ್ಪಟ ಫ್ರೆಂಚ್ ಲೇಸು’ ಹುಟ್ಟಿದ್ದು ಹೀಗೆ. ಅದರ ಹೊಟ್ಟೆಯೊಳಗೆ ಸಾವಿರಾರು ಹಿತ್ತಾಳೆ ಬಾಬಿನ್ನುಗಳು, ಒಂದೊಂದೂ ನಾಣ್ಯಕ್ಕಿಂತ ತೆಳು. ಯಾವ ನೂಲು ಯಾವಾಗ ಸರಿಯಬೇಕು ಅನ್ನೋದನ್ನು ತೂತು ಹೊಡೆದ ಜಕಾರ್ಡ್ ರಟ್ಟುಗಳು ಹೇಳುತ್ತವೆ. ತೂತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನನ್ನ ಕಸುಬಿನ ಮುತ್ತಜ್ಜ ಅದೇ ರಟ್ಟು. ನಾನು ಅರ್ಧ ಗಂಟೆ ಅದರ ಮುಂದೆ ಬಾಯಿಬಿಟ್ಟುಕೊಂಡು ನಿಂತಿದ್ದೆ.

ಆ ಕಾಲದಲ್ಲಿ ಯಂತ್ರ ನಡೆಸೋರು ಗಂಡಸರು, ಅವರಿಗೆ ಒಳ್ಳೆ ಸಂಬಳ. ಲೇಸು ಇಳಿದ ಮೇಲೆ ಹೆಚ್ಚುವರಿ ನೂಲನ್ನು ಒಂದೊಂದೇ ಎಳೆದು ಬಿಡಿಸೋರು, ಅಂಚು ಕತ್ತರಿಸೋರು ಹೆಂಗಸರು, ಎಷ್ಟೋ ಸಲ ಮನೆಯಲ್ಲೇ ಕೂತು. ಇದನ್ನು ಓದಿ ಮುಂದೆ ಹೋದೆ. ನಿಲ್ಲಬೇಕಿತ್ತು.

‘ಟ್ರೂಸೋ’ ಅಂದರೆ ಮೂಲದಲ್ಲಿ ಸಣ್ಣ ಗಂಟು. ನಮ್ಮ ಗಂಟೇ. ‘ಲಾಂಜರಿ’ ಅನ್ನೋದೂ ಮೊದಲಿಗೆ ನಾರುಬಟ್ಟೆಗೆ, ಅಂದರೆ ಅಗಸೆ ನಾರಿನ ದುಪ್ಪಟಿ, ಅಂಗಿ, ಕರವಸ್ತ್ರಗಳಿಗೆ ಇದ್ದ ಮಾತು. ಹಳೇ ಫ್ರೆಂಚ್ ಹಳ್ಳಿಗಳಲ್ಲಿ ಹುಡುಗಿಯರು ಮದುವೆಗೆ ಮೊದಲೇ ಈ ಬಟ್ಟೆಗಳನ್ನು ಡಜನ್ ಲೆಕ್ಕದಲ್ಲಿ ಕೂಡಿಡ್ತಿದ್ದರು. ಪ್ರತಿಯೊಂದರ ಮೂಲೆಗೂ ಕೆಂಪು ನೂಲಲ್ಲಿ, ಅಡ್ಡಹೊಲಿಗೆಯಲ್ಲಿ, ತಮ್ಮ ಹೆಸರಿನ ಮೊದಲಕ್ಷರ. ಆ ಅಕ್ಷರಗಳನ್ನು ಹೊಲಿಯೋದನ್ನು ಶಾಲೆಯಲ್ಲೇ ಕಲಿಸ್ತಿದ್ದರು. ಗಂಡನ ಅನುಮತಿ ಇಲ್ಲದೆ ಹೆಂಡತಿ ತನ್ನ ಹೆಸರಿಗೆ ಬ್ಯಾಂಕ್ ಖಾತೆ ತೆರೆಯಲು, ಕೆಲಸಕ್ಕೆ ಸೇರಲು ಫ್ರಾನ್ಸಿನಲ್ಲಿ ಕಾನೂನು ಒಪ್ಪಿದ್ದು 1965ರಲ್ಲಿ. ಅಲ್ಲಿಯವರೆಗೆ ಎಷ್ಟೋ ಹೆಂಗಸರ ಮಟ್ಟಿಗೆ ಇದು ನನ್ನದು ಅಂತ ಹೇಳೋಕೆ ಇದ್ದದ್ದು ಆ ಕೆಂಪು ಅಕ್ಷರವಷ್ಟೇ ಇರಬೇಕು. ನಮ್ಮಲ್ಲೂ ಸ್ತ್ರೀಧನ ಹೆಣ್ಣಿನದೇ ಸ್ವತ್ತು, ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೆ ಬರೀ ನಂಬಿಕೆಯ ಮೇಲೆ ಇಟ್ಟುಕೊಂಡಂತೆ ಅಂತ ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು 1985ರಲ್ಲಿ. ನನ್ನ ಅಜ್ಜಿಯ ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿದ್ದ ಹೆಸರು ತಾತನದು.

ವಾಪಸು ಬರುವ ರೈಲಿನಲ್ಲಿ ನನ್ನ ವಾದ ಸಿದ್ಧವಾಗಿತ್ತು. ಮದುವೆಯ ನೂರಾರು ವಸ್ತುಗಳಲ್ಲಿ ನೆಂಟರಿಗೆ ತೋರಿಸೋದಕ್ಕಲ್ಲದೆ, ಫೋಟೋಗೆ ಅಲ್ಲದೆ, ಕೊಡುಕೊಳ್ಳುವ ಲೆಕ್ಕಕ್ಕಲ್ಲದೆ, ನನ್ನ ಮೈಗೆ ಹಿತವಾಗಲಿ ಅಂತ ಕೊಳ್ಳೋದು ಇದೊಂದೇ. ಹಾಗಿದ್ದರೆ ತಪ್ಪು ಮಾಡ್ತಿದ್ದೀನಿ ಅನ್ನೋ ಅಳುಕು ಇದೊಂದಕ್ಕೇ ಯಾಕೆ? 22,000ದ ಸೀರೆಗೆ ಬಾರದ ಅಪರಾಧ ಭಾವ ಹತ್ತು ಸಾವಿರಕ್ಕೆ ಯಾಕೆ? ನಮ್ಮಲ್ಲಿ ದುಂದು ಅಂದರೆ ಹೆಚ್ಚು ಖರ್ಚು ಅಂತಲ್ಲ. ನಾಲ್ಕು ಜನ ನೋಡದ ಖರ್ಚು ಅಂತ. ಮಗಳ ಮದುವೆಗೆ ಜಮೀನು ಮಾರಿದವನನ್ನು ಊರು ಹೊಗಳುತ್ತೆ, ಅದೇ ಮಗಳು ತನಗಾಗಿ ಒಂದು ಒಳ್ಳೆ ಹಾಸಿಗೆ ತಗೊಂಡರೆ ‘ಶೋಕಿ’. ಬಟ್ಟೆಯ ಮಾತು ಬಂದ ಕೂಡಲೇ ಅಕ್ಕಮಹಾದೇವಿಯ ಹೆಸರು ತೆಗೆಯೋರು ಇದ್ದಾರೆ. ಅವಳು ಬಿಟ್ಟು ಹೊರಟವಳು, ನಾನು ಕೊಳ್ಳೋಕೆ ಹೊರಟವಳು. ನನ್ನ ಸಣ್ಣ ವಾದಕ್ಕೆ ಅಷ್ಟು ದೊಡ್ಡವರನ್ನು ಎಳೆಯೋದು ಬೇಡ.

ವಾದದಲ್ಲಿ ತೂತುಗಳಿದ್ದವು. ‘ನನಗಾಗಿ’ ಅಂತ ಎಷ್ಟು ಖಡಾಖಂಡಿತವಾಗಿ ಹೇಳಬಹುದು? ಆ ಅಂಗಡಿಯಲ್ಲಿ ಮದುಮಗಳಿಗೆ ಅಂತ ಒಂದು ಗೋಡೆಯೇ ಬೇರೆ ಇತ್ತು. ಎಲ್ಲ ಬಿಳಿ, ಎಲ್ಲ ಒಂದು ರಾತ್ರಿಗೆ ಅಂತಲೇ ಹೊಲಿದದ್ದು, ಬಿಚ್ಚುವವರ ಅನುಕೂಲ ನೋಡಿ ಕಟ್ಟಿದ ರಿಬ್ಬನ್ನುಗಳು. ನಾನು ಆ ಗೋಡೆ ಬಿಟ್ಟು ದಿನಬಳಕೆಯ ಕಡೆಯಿಂದ ಆರಿಸಿದೆ, ನಿಜ. ಆದರೂ ಕನ್ನಡಿ ಮುಂದೆ ನಿಂತಾಗ, ಅವನು ನೋಡಿದರೆ ಏನಂತಾನೆ ಅನ್ನೋದು ತಲೆಯಲ್ಲಿ ಬಂದೇ ಬಂತು. ಅರ್ಧ ನನಗೆ, ಅರ್ಧ ಅವನಿಗೆ ಅಂತ ಇಟ್ಟುಕೊಳ್ಳೋಣ. ಮದುವೆ ಆಗ್ತಿರೋ ಹೆಣ್ಣು ಮದುವೆ ಆಗೋ ಗಂಡನ್ನು ನೆನೆಸಿಕೊಳ್ಳೋದೇ ದಾಸ್ಯ ಅನ್ನೋಷ್ಟು ಕಟ್ಟುನಿಟ್ಟು ನನಗಿಲ್ಲ. 1889ರಲ್ಲಿ ಅರ್ಮಿನಿ ಕಾದೋಲ್ ಅನ್ನೋ ಪ್ಯಾರಿಸ್ ಹೆಣ್ಣುಮಗಳು ಉಸಿರು ಕಟ್ಟಿಸುವ ಕಾರ್ಸೆಟ್ಟನ್ನು ನಡುವಲ್ಲಿ ಕತ್ತರಿಸಿ ಎರಡು ಭಾಗ ಮಾಡಿದಳು, ಮೇಲಿನ ಭಾಗ ಇಂದಿನ ಬ್ರಾದ ಪೂರ್ವಜ. ಅವಳ ಅಂಗಡಿಗೆ ಬಂದವರೂ ಉಸಿರಾಡೋಕೆ ಬಂದರೋ ಚೆಂದ ಕಾಣೋಕೆ ಬಂದರೋ, ಬಹುಶಃ ಎರಡಕ್ಕೂ.

ಸೋಮವಾರ ಹೋಗಿ ಕೊಂಡೆ. ಟಿಶ್ಯೂ ಪೇಪರಿನಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ರಿಬ್ಬನ್ ಕಟ್ಟಿ ಕೊಟ್ಟಳು. ರೂಮಿಗೆ ಬಂದು ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಚೀಟಿ ಬೇರೆ ಕಥೆ ಹೇಳ್ತಿತ್ತು. ಲೇಸು ಕ್ಯಾಲೆಯದು, ಹೊಲಿಗೆ ಟುನೀಷಿಯಾದ್ದು. ಫ್ರಾನ್ಸಿನಲ್ಲಿ ಹೊಲಿಯುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. 2012ರಲ್ಲಿ ಲೆಜಾಬಿ ಕಂಪನಿಯ ಇಸಿಂಜೋ ಊರಿನ ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಹೆಂಗಸರು ಕಾರ್ಖಾನೆ ಬಿಟ್ಟು ಏಳದೆ ಕೂತಿದ್ದರು. ಹೊಲಿಗೆ ಸಂಬಳ ಕಡಿಮೆ ಇರೋ ಕಡೆ ಹೋಗುತ್ತೆ. ಕೋಡಿಂಗ್ ಹೇಗೆ ಬೆಂಗಳೂರಿಗೆ ಬಂತೋ ಹಾಗೆ.

ಈಗ ಚಿಕ್ಕಮ್ಮನ ಮಗಳ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಯಾಕೆ ಬರಲಿಲ್ಲ ಅಂದರೆ, ನಿಜ ಜೀವನದಲ್ಲೂ ನಾನು ಅವಳ ವಿಷಯಕ್ಕೆ ಬರೋದು ಹೀಗೇ, ಕೊನೆಯಲ್ಲಿ.

ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಪಿಯುಸಿಯಲ್ಲಿ ಒಂದು ವಿಷಯ ಹೋಯ್ತು, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸಿಗೆ ಸೇರಿದಳು. ಮೊದಲು ಶರ್ಟಿನ ಲೈನು, ಆಮೇಲೆ ಒಳ ಉಡುಪಿನ ಲೈನು. ಎಲ್ಲ ಎಕ್ಸ್‌ಪೋರ್ಟ್. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಅವಳ ಪಾಲಿಗೆ ಬರೋದು ಕಪ್ಪಿಗೆ ಎಲಾಸ್ಟಿಕ್ ಕೂರಿಸೋದು, ಬೆಳಿಗ್ಗೆಯಿಂದ ಸಂಜೆವರೆಗೂ ಅದೇ. ಕೈಗೆ ಬರುವ ಸಂಬಳ ಆಗ ಹತ್ತು ಸಾವಿರದ ಆಸುಪಾಸು. ಬಾಡಿಗೆ, ಬಸ್‌ಪಾಸ್, ಊರಿಗೆ ಕಳಿಸೋದು ಎಲ್ಲ ಅದರಲ್ಲೇ.

ಮದುವೆಗೆ ಎರಡು ವಾರ ಇರುವಾಗ ಅವಳು ನನಗೆ ಬ್ಲೌಸ್‌ಗಳನ್ನು ಸರಿಮಾಡಿ ಕೊಡೋಕೆ ರೂಮಿಗೆ ಬಂದಿದ್ದಳು. ಸೂಟ್‌ಕೇಸ್ ತೆರೆದಿತ್ತು. ಪೆಟ್ಟಿಗೆ ನೋಡಿದಳು. “ಏನಕ್ಕಾ ಇದು?” ಅಂತ ತೆಗೆದಳು. ಮಿಕ್ಕವರಾಗಿದ್ದರೆ ಲೇಸು ನೋಡಿ ಮುಸಿಮುಸಿ ನಗ್ತಿದ್ದರು. ಇವಳು ಅದನ್ನು ಒಳಹೊರಗು ಮಾಡಿದಳು. ಹೊಲಿಗೆಯ ಮೇಲೆ ಉಗುರು ಓಡಿಸಿದಳು, ಪಟ್ಟಿ ಎಳೆದು ಬಿಟ್ಟಳು, ಲೇಸಿನ ಹೂವು ಎರಡೂ ಕಡೆ ಒಂದೇ ಸಮ ಕೂತಿದೆಯಾ ಅಂತ ಬೆಳಕಿಗೆ ಹಿಡಿದಳು. “ಚೆನ್ನಾಗಿ ಕೂರಿಸಿದ್ದಾರೆ ಕಣಕ್ಕ. ಲೇಸು ಹಿಡಿದು ಹೊಲಿಯೋದು ಕಷ್ಟ, ಜಾರುತ್ತೆ” ಅಂದಳು. ಆ ಟುನೀಷಿಯಾದ ಹೆಣ್ಣುಮಗಳಿಗೆ ಅಷ್ಟು ಹೊತ್ತಿಗೆ ಸಿಕ್ಕ ಒಂದೇ ಶಹಬಾಸ್ ಅದೇ ಇರಬೇಕು. ಆಮೇಲೆ ನನ್ನ ಮೈಮೇಲೊಮ್ಮೆ ಕಣ್ಣಾಡಿಸಿ, “ನಿಂದು ಮೂವತ್ತೆರಡು ಸಿ. ಇಷ್ಟು ವರ್ಷ ಮೂವತ್ನಾಲ್ಕು ಯಾಕೆ ಹಾಕ್ತಿದ್ದೆ? ಕೇಳಿದ್ರೆ ಹೇಳ್ತಿದ್ದೆ” ಅಂದಳು.

ಆಮೇಲೆ ಕೇಳಿದಳು: “ಎಷ್ಟಾಯ್ತಕ್ಕ?”

“ಎರಡು ಸಾವಿರ” ಅಂದೆ.

ಅವಳು ಅದನ್ನು ಮತ್ತೆ ಸರಿಯಾಗಿ ಮಡಚಿ, ಟಿಶ್ಯೂ ಪೇಪರಿನಲ್ಲಿ ಸುತ್ತಿ, ಪೆಟ್ಟಿಗೆಗೆ ಇಟ್ಟಳು. ಮುಚ್ಚಳ ಹಾಕಿದ ಮೇಲೆ, ನನ್ನ ಮುಖ ನೋಡದೆ, “ಟ್ಯಾಗ್ ಹಾಕೋದೂ ನಾವೇ ಕಣಕ್ಕ. ಯೂರೋ ರೇಟು ಅದರ ಮೇಲೇ ಇರುತ್ತೆ” ಅಂದಳು. ಬ್ಲೌಸಿನ ಹುಕ್ಕು ಹೊಲಿಯೋಕೆ ಕೂತಳು.

ಆ ಸುಳ್ಳನ್ನು ಎಷ್ಟೋ ಸಲ ಎತ್ತಿ ನೋಡಿದ್ದೀನಿ. ಅವಳಿಗೆ ನೋವಾಗಬಾರದು ಅಂತ ಹೇಳಿದೆ ಅನ್ನೋದು ಮೊದಲ ಉತ್ತರ, ಅದು ಸುಳ್ಳಿನ ಮೇಲೆ ಹೊದಿಸಿದ ಟವೆಲ್. ಅವಳ ಒಂದು ತಿಂಗಳ ದುಡಿಮೆಯನ್ನು ನಾನು ಒಂದು ಜೊತೆ ಒಳಬಟ್ಟೆಗೆ ಕೊಟ್ಟೆ ಅನ್ನೋದು ಅವಳಿಗೆ ಹೊಸ ವಿಷಯವೇ ಅಲ್ಲ. ಅದೇ ಅವಳ ಕೆಲಸದ ಲೋಕ, ದಿನಾ ಅದರ ಟ್ಯಾಗು ಕಟ್ಟಿ ಕಳಿಸ್ತಾಳೆ. ಬೆಲೆ ಮುಚ್ಚಿಟ್ಟದ್ದು ನನ್ನನ್ನು ಕಾಪಾಡಿಕೊಳ್ಳೋಕೆ. ನೆಂಟರ ಎದುರು ‘ಶೋಕಿ’ ಅನ್ನಿಸಿಕೊಳ್ಳೋಕೆ ಹೆದರಲ್ಲ ಅಂತ ರೈಲಿನಲ್ಲಿ ಅಷ್ಟುದ್ದ ವಾದ ಕಟ್ಟಿದವಳು, ಲೆಕ್ಕ ಕೇಳುವ ನಿಜವಾದ ಹಕ್ಕು ಇದ್ದ ಒಬ್ಬಳು ಎದುರು ಬಂದಾಗ ಫ್ಯಾನ್ಸಿ ಸ್ಟೋರಿನಲ್ಲಿ ಅಮ್ಮ ತಗ್ಗಿಸಿದ ಹಾಗೇ ಧ್ವನಿ ತಗ್ಗಿಸಿದೆ.

ಹಾಗಾದರೆ ಕೊಳ್ಳಬಾರದಿತ್ತಾ? ಅದು ಸುಲಭದ ಉತ್ತರ, ನನಗೆ ಒಪ್ಪಿಗೆಯಿಲ್ಲ. ನಾನು ಕೊಳ್ಳದಿದ್ದರೆ ಅವಳ ಸಂಬಳ ಒಂದು ರೂಪಾಯಿ ಏರೋದಿಲ್ಲ. ಎಲ್ಲರೂ ಕೊಳ್ಳೋದು ನಿಲ್ಲಿಸಿದರೆ ಲೈನೇ ಮುಚ್ಚುತ್ತೆ. ಚೆಂದದ ವಸ್ತು ಇರಬಾರದು ಅಂತ ಅವಳೂ ಹೇಳಲಿಲ್ಲ, ಅವಳಷ್ಟು ಚೆನ್ನಾಗಿ ಅದರ ಚೆಂದ ಕಂಡವರೇ ಇಲ್ಲ. ನನಗೆ ಕಷ್ಟ ಆಗೋದು ಬೇರೆ ಕಡೆ. ‘ನನ್ನದು’, ‘ನನಗಾಗಿ’, ‘ಯಾರಿಗೂ ಕಾಣದ್ದು’ ಅಂತ ನಾನು ಹೆಮ್ಮೆಪಟ್ಟ ವಸ್ತುವನ್ನು ಹತ್ತಾರು ಹೆಂಗಸರು ನೋಡಿ, ಮುಟ್ಟಿ, ಅಳೆದು, ತಿರುವಿ ಕಳಿಸಿದ್ದರು. ಅವರು ನನಗೆ ಕಾಣದಿದ್ದದ್ದನ್ನು ನಾನು ನನ್ನ ಖಾಸಗಿತನ ಅಂದುಕೊಂಡಿದ್ದೆ.

ಇನ್ನೊಂದು ಹಳೇ ಲೆಕ್ಕವಿದೆ. 2016ರ ಏಪ್ರಿಲ್ 18. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಹೊಸ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು, ಮಾರನೇ ದಿನ ಊರಿನ ಬೇರೆ ರಸ್ತೆಗಳೂ ನಿಂತವು. ನಾನು ಎಲೆಕ್ಟ್ರಾನಿಕ್ ಸಿಟಿಯಿಂದ ಬರೋ ಆಫೀಸ್ ಕ್ಯಾಬಿನಲ್ಲಿ ಮೂರು ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಏಸಿ ಹಾಕಿಸಿಕೊಂಡು, ಇವರಿಗೆ ಬೇರೆ ಕೆಲಸ ಇಲ್ವಾ ಅಂತ ಫೇಸ್‌ಬುಕ್ಕಿನಲ್ಲಿ ಬರೆದೆ. ಐವತ್ತೋ ಅರವತ್ತೋ ಲೈಕು ಬಂದವು. ಏಪ್ರಿಲ್ 19ಕ್ಕೆ ಕೇಂದ್ರ ನಿಯಮ ವಾಪಸು ತೆಗೆದುಕೊಂಡಿತು. ಚಿಕ್ಕಮ್ಮನ ಮಗಳು ಆ ಗುಂಪಿನಲ್ಲಿದ್ದಳು ಅಂತ ನನಗೆ ತಿಳಿದದ್ದು ಮೂರು ವರ್ಷ ಕಳೆದು, ಅದೇ ದಿನ, ಅವಳು ಬ್ಲೌಸಿಗೆ ಹುಕ್ಕು ಹೊಲಿಯುತ್ತಾ ಹೇಳಿದಾಗ. “ಆ ದುಡ್ಡು ನನ್ನ ಮದುವೆಗೆ ಅಲ್ವಾ, ಸುಮ್ನೆ ಬಿಡೋಕಾಗುತ್ತಾ?” ಅಂದಳು. ಫ್ರೆಂಚ್ ಹುಡುಗಿಯರು ಡಜನ್ ಲೆಕ್ಕದಲ್ಲಿ ದುಪ್ಪಟಿ ಕೂಡಿಟ್ಟ ಹಾಗೆ ಇವಳು ತಿಂಗಳು ತಿಂಗಳು ಪಿಎಫ್ ಕೂಡಿಟ್ಟಿದ್ದಳು. ಅವಳ ಗಂಟು ಅದು, ಅದರ ಮೇಲೆ ಅವಳ ಹೆಸರಿತ್ತು. ಅದನ್ನು ಉಳಿಸಿಕೊಳ್ಳೋಕೆ ಅವಳು ಬಿಸಿಲಲ್ಲಿ ನಿಂತಾಗ ನಾನು ಹಾರ್ನ್ ಮಾಡಿಸ್ತಿದ್ದೆ.

ಆ ಪೋಸ್ಟನ್ನು ಅವತ್ತು ರಾತ್ರಿ ಹುಡುಕಿ ಡಿಲೀಟ್ ಮಾಡಿದೆ. ಮಾಡಬಾರದಿತ್ತೇನೋ. ಅದೂ ಮುಚ್ಚಿಡೋದೇ ಆಯ್ತಲ್ಲ.

ಅಮ್ಮ ಆ ಪೆಟ್ಟಿಗೆಯನ್ನು ನೋಡಿದ್ದು ಮದುವೆಯ ಹಿಂದಿನ ದಿನ, ಸೂಟ್‌ಕೇಸ್ ಜೋಡಿಸುವಾಗ. ತೆಗೆದು ನೋಡಿ, “ಚೆನ್ನಾಗಿದೆ. ಒಗೆಯೋಕೆ ಕಷ್ಟ ಅಲ್ವೇನೇ?” ಅಂದಳು. ಕೈಯಲ್ಲೇ ಒಗೀಬೇಕು ಅಂದೆ. ಬೆಲೆ ಕೇಳಲಿಲ್ಲ. ಸೀರೆಗಳ ಕೆಳಗೆ, ತಳದಲ್ಲಿ ಇಟ್ಟಳು. ಹೋಗುವ ಮುಂಚೆ ಏನನ್ನಿಸಿತೋ, ಮತ್ತೆ ಬಂದು ಮೇಲಕ್ಕೆ ತಂದಿಟ್ಟಳು.

ಚಿಕ್ಕಮ್ಮನ ಮಗಳ ಮದುವೆ ಮುಂದಿನ ವರ್ಷ ಜನವರಿಗೆ ಗೊತ್ತಾಯಿತು. ನವೆಂಬರಿನಲ್ಲಿ ಕೆಲಸ ಬಿಟ್ಟು ಪಿಎಫ್‌ಗೆ ಅರ್ಜಿ ಹಾಕಿದ್ದಳು. ಅದೇ ತಿಂಗಳು ನನಗೆ ಮತ್ತೆ ಎರಡು ವಾರ ಲಿಲ್‌ಗೆ ಹೋಗೋದಿತ್ತು. ಹೊರಡುವ ಹಿಂದಿನ ರಾತ್ರಿ ಫೋನ್ ಮಾಡಿದಳು.

“ಅಕ್ಕ, ನಂಗೂ ಒಂದು ಸೆಟ್ ತಗೊಂಡು ಬಾ. ತೊಂಬತ್ತು ಬಿ. ಬಿಳಿ ಬೇಡ, ಕೊಳೆ ಕಾಣುತ್ತೆ.”

“ಆಯ್ತು, ನನ್ನ ಕಡೆಯಿಂದ ಮದುವೆ ಉಡುಗೊರೆ” ಅಂದೆ.

“ಉಡುಗೊರೆ ಬೇರೆ ಕೊಡು. ಇದಕ್ಕೆ ದುಡ್ಡು ನಾನೇ ಕೊಡ್ತೀನಿ. ಟ್ಯಾಗು ಮಾತ್ರ ಕೀಳ್ಬೇಡ.”